ಸಣ್ಣ ಕಾಲೇಜಿನ ಟೆನಿಸ್: ಪಟ್ಟಿ, ಪಾಠ ಮತ್ತು ಪೈಸೆಯ ಲೆಕ್ಕ

ನಮ್ಮ ಸಂಘದ ವಾರ್ಷಿಕ ಸಂಚಿಕೆಯಲ್ಲಿ ರಕ್ತದೊತ್ತಡ, ಮಧುಮೇಹ, ಸಂಧಿವಾತ ಮೊದಲಾದ ವಿಷಯಗಳನ್ನು ಕುರಿತು ವೈದ್ಯ ಸದಸ್ಯರು ಬರೆಯುವುದು ನಡೆದುಬಂದ ಪದ್ಧತಿ. ಇಪ್ಪತ್ತು ವರ್ಷಗಳಿಂದ ಬ್ಯಾಂಕಿನ ಮೇಜಿನ ಮುಂದೆ ಕುಳಿತು ಸಾಲದ ಅರ್ಜಿಗಳನ್ನು ಓದುತ್ತಿರುವ ನನ್ನಂಥ ವಾಣಿಜ್ಯ ಪದವೀಧರನಿಗೆ ಆ ಪಂಕ್ತಿಯಲ್ಲಿ ಎಲೆ ಹಾಕುವವರಿಲ್ಲವೆಂದೇ ತಿಳಿದಿದ್ದೆ. ಆದರೆ ಸಂಪಾದಕರು, "ಆಟವೂ ಆರೋಗ್ಯಕ್ಕೆ ಸೇರಿದ್ದೇ ಅಲ್ಲವೇ? ಆ ಟೆನಿಸ್ ಹುಡುಗನ ವಿಚಾರವನ್ನು ಬರೆಯಿರಿ, ನಾಲ್ಕು ಮನೆಗಳಿಗೆ ಉಪಯೋಗವಾದೀತು" ಎಂದು ಒತ್ತಾಯಿಸಿದ್ದರಿಂದ ಈ ಲೇಖನಕ್ಕೆ ಕೈ ಹಾಕಿದ್ದೇನೆ. ಆ ಕುಟುಂಬದವರ ಅನುಮತಿ ಪಡೆದು, ಹೆಸರುಗಳನ್ನು ಮಾತ್ರ ಬಿಟ್ಟು ಬರೆಯುತ್ತಿದ್ದೇನೆ.

ಕಾಗದ ತಂದ ಮಿತ್ರರು

2023ರ ಏಪ್ರಿಲ್ ತಿಂಗಳ ಒಂದು ಭಾನುವಾರ. ಸಂಘದ ಹಿರಿಯ ಸದಸ್ಯರೊಬ್ಬರು ಪತ್ನಿಯೊಡನೆ ನಮ್ಮ ಮನೆಗೆ ಬಂದರು. ಕುಂದಾಪುರದ ಕಡೆಯವರು; ಹದಿನೇಳನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಹೋಟೆಲಿನ ಹಿಂಬದಿಯಲ್ಲಿ ಮಲಗಿ, ರಾತ್ರಿ ಶಾಲೆಯಲ್ಲಿ ಓದಿ, ಇಂದು ಸಣ್ಣದೊಂದು ಉಪಾಹಾರ ಗೃಹದಲ್ಲಿ ಪಾಲುದಾರರಾಗಿರುವವರು. ಒಬ್ಬನೇ ಮಗ. ಎಂಟನೆಯ ವಯಸ್ಸಿನಿಂದ ಟೆನಿಸ್ ಆಡಿದವನು. ಹತ್ತು ವರ್ಷ ಬೆಳಗಿನ ಐದು ಗಂಟೆಯ ಲೋಕಲ್ ಹಿಡಿದು ಅಪ್ಪನೋ ಅಮ್ಮನೋ ಅವನನ್ನು ಅಂಕಣಕ್ಕೆ ಮುಟ್ಟಿಸುತ್ತಿದ್ದರು.

"ಮಾರಾಯ್ರೇ, ಹುಡುಗನಿಗೆ ಅಮೆರಿಕದ ಕಾಲೇಜಿನಲ್ಲಿ ಟೆನಿಸ್ ಸ್ಕಾಲರ್‌ಶಿಪ್ ಸಿಕ್ಕಿದೆ. ಮಿಕ್ಕ ಹಣಕ್ಕೆ ಫ್ಲ್ಯಾಟ್ ಅಡ ಇಡುವುದೆಂದು ನಿಶ್ಚಯ ಮಾಡಿದ್ದೇವೆ. ಎಲ್ಲಿ ಸಹಿ ಹಾಕಬೇಕು, ಅಷ್ಟು ನೋಡಿ ಹೇಳಿ" ಎಂದು ಅವರು ಲಕೋಟೆಯನ್ನು ನನ್ನ ಮುಂದಿಟ್ಟರು.

ನಾನು ಕಾಗದವನ್ನು ಎರಡು ಬಾರಿ ಓದಿದೆ. ಅದರಲ್ಲಿ ಟೆನಿಸ್ ಎಂಬ ಪದ ಎಲ್ಲಿಯೂ ಇರಲಿಲ್ಲ. ಹನ್ನೆರಡನೆಯ ತರಗತಿಯ ಅಂಕಗಳನ್ನು ಪರಿಗಣಿಸಿ ಕಾಲೇಜು ಒಂದಷ್ಟು ಶುಲ್ಕ ವಿನಾಯಿತಿ ಕೊಟ್ಟಿತ್ತು. ಓದಿನಲ್ಲಿ ನಿಗದಿಯಾದ ಮಟ್ಟವನ್ನು ಕಾಪಾಡಿಕೊಂಡರೆ ಮಾತ್ರ ಅದು ಪ್ರತಿವರ್ಷ ಮುಂದುವರಿಯುವುದೆಂಬ ಷರತ್ತಿತ್ತು. ವಿನಾಯಿತಿಯ ಬಳಿಕ ಮನೆಯವರು ತುಂಬಬೇಕಾದ ಮೊತ್ತ ವಿನಾಯಿತಿಗಿಂತ ದೊಡ್ಡದಾಗಿತ್ತು. 'ಟೆನಿಸ್ ಸ್ಕಾಲರ್‌ಶಿಪ್' ಎಂಬುದು ನಡುವೆ ನಿಂತ ದಲ್ಲಾಳಿಯ ಬಾಯಿಮಾತು.

ವಿಷಯ ತಿಳಿಸಿದಾಗ ಮಿತ್ರರ ಮುಖ ಬಾಡಿತು. "ಹಾಗಾದರೆ ಅವನ ಆಟಕ್ಕೆ ಅಲ್ಲಿ ಬೆಲೆಯೇ ಇಲ್ಲವೇ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. "ಈ ಗೊಡವೆ ಬೇಡ, ಇಲ್ಲಿಯೇ ಒಳ್ಳೆಯ ಕಾಲೇಜಿಗೆ ಸೇರಿಸಿ" ಎಂದುಬಿಟ್ಟೆ. ಅವರ ಪತ್ನಿ ಮಾತ್ರ, "ಅಣ್ಣ, ಬೇಡ ಎನ್ನುವುದು ಸುಲಭ. ಅಲ್ಲಿ ಏನು ನಡೆಯುತ್ತದೆಂದು ತಿಳಿದು ಬೇಡ ಎನ್ನಿ" ಎಂದರು. ಆ ಮಾತು ನನ್ನನ್ನು ನಾಟಿತು. ಪೂರ್ತಿ ಲೆಕ್ಕ ನೋಡದೆ ಅಭಿಪ್ರಾಯ ಕೊಡುವುದು ನನ್ನ ವೃತ್ತಿಗೆ ಶೋಭಿಸದು. ಮುಂದಿನ ಮೂರು ವಾರಗಳ ರಾತ್ರಿಗಳನ್ನು ಅಮೆರಿಕದ ಸಣ್ಣ ಕಾಲೇಜುಗಳ ಟೆನಿಸಿನ ಲೆಕ್ಕ ತಿಳಿಯಲು ಕಳೆದೆ. ಅಂದು ತಿಳಿದುದನ್ನೂ ಆಮೇಲೆ ಕೂಡಿಸಿಕೊಂಡುದನ್ನೂ ಇಲ್ಲಿ ನಿವೇದಿಸುತ್ತೇನೆ.

ಮೂರು ವಿಭಾಗಗಳು

ಅಮೆರಿಕದಲ್ಲಿ ಕಾಲೇಜು ಕ್ರೀಡೆಯ ಬಹುಭಾಗವನ್ನು ನಡೆಸುವುದು 1906ರಲ್ಲಿ ಹುಟ್ಟಿದ, ಎನ್.ಸಿ.ಎ.ಎ. ಎಂದು ಹೆಸರಾದ ರಾಷ್ಟ್ರೀಯ ಸಂಸ್ಥೆ. 1973ರಲ್ಲಿ ಅದು ತನ್ನ ಸದಸ್ಯ ಕಾಲೇಜುಗಳನ್ನು ಮೂರು ವಿಭಾಗಗಳಾಗಿ ಬೇರ್ಪಡಿಸಿತು. ಒಂದನೆಯ ವಿಭಾಗದಲ್ಲಿ ದೊಡ್ಡ ವಿಶ್ವವಿದ್ಯಾನಿಲಯಗಳೇ ಹೆಚ್ಚು. ಚೆನ್ನೈಯಲ್ಲಿ ತರಬೇತಿ ಪಡೆದ ಸೋಮದೇವ್ ದೇವವರ್ಮನ್ ವರ್ಜೀನಿಯಾ ವಿಶ್ವವಿದ್ಯಾನಿಲಯದ ಪರವಾಗಿ ಆಡಿ, 2007 ಮತ್ತು 2008ರಲ್ಲಿ ಸತತವಾಗಿ ಸಿಂಗಲ್ಸ್ ಪ್ರಶಸ್ತಿ ಗೆದ್ದದ್ದು ಈ ವಿಭಾಗದಲ್ಲಿ. ನಮ್ಮ ತಂದೆತಾಯಿಗಳು 'ಅಮೆರಿಕದ ಕಾಲೇಜು ಟೆನಿಸ್' ಎಂದಾಗ ಕಣ್ಣ ಮುಂದೆ ತಂದುಕೊಳ್ಳುವುದು ಇದನ್ನೇ.

ಆ ವಿಭಾಗದಲ್ಲಿಯೂ ಹಣದ ಹಂಚಿಕೆ ನಾವು ಭಾವಿಸುವಷ್ಟು ಧಾರಾಳವಾಗಿರಲಿಲ್ಲ. 2024-25ರ ವರೆಗೆ ಪುರುಷರ ಟೆನಿಸ್ ತಂಡವೊಂದಕ್ಕೆ ಕೊಡಬಹುದಾಗಿದ್ದುದು ನಾಲ್ಕೂವರೆ ಪೂರ್ಣ ವಿದ್ಯಾರ್ಥಿವೇತನ ಮಾತ್ರ; ಅದನ್ನೇ ಹೋಳು ಮಾಡಿ ಎಂಟು ಹತ್ತು ಮಂದಿಗೆ ಹಂಚುವುದು ತರಬೇತುದಾರನ ಕೆಲಸ. ಮಹಿಳೆಯರ ತಂಡಕ್ಕೆ ಎಂಟು ಪೂರ್ಣ ವೇತನಗಳಿದ್ದವು. ಶಿಕ್ಷಣದಲ್ಲಿ ಸ್ತ್ರೀಪುರುಷ ಭೇದವನ್ನು ನಿಷೇಧಿಸಿ 1972ರಲ್ಲಿ ಬಂದ ಕಾನೂನಿನ ಫಲವಾಗಿ ಮಹಿಳಾ ಕ್ರೀಡೆಗೆ ದೊರೆತ ನ್ಯಾಯಗಳಲ್ಲಿ ಇದೂ ಒಂದು. 2025ರ ಜೂನ್ ತಿಂಗಳಲ್ಲಿ ನ್ಯಾಯಾಲಯ ಅಂಗೀಕರಿಸಿದ ಒಪ್ಪಂದದಂತೆ ಪದ್ಧತಿ ಬದಲಾಯಿತು. ಒಪ್ಪಂದಕ್ಕೆ ಸೇರಿದ ಸಂಸ್ಥೆಗಳು ಎಷ್ಟು ವೇತನವನ್ನಾದರೂ ಕೊಡಬಹುದು, ಆದರೆ ತಂಡದ ಪಟ್ಟಿಯಲ್ಲಿ ಹತ್ತಕ್ಕಿಂತ ಹೆಚ್ಚು ಆಟಗಾರರಿರಬಾರದು.

ಮೂರನೆಯ ವಿಭಾಗದ ಮಾತು ಬೇರೆ. ನಾನ್ನೂರಕ್ಕೂ ಹೆಚ್ಚು ಕಾಲೇಜುಗಳಿರುವ ಈ ವಿಭಾಗದಲ್ಲಿ ಆಟಕ್ಕಾಗಿ ಒಂದು ಡಾಲರನ್ನೂ ವಿದ್ಯಾರ್ಥಿವೇತನವಾಗಿ ಕೊಡುವಂತಿಲ್ಲ. ಮಾರ್ಕುಗಳಿಗೆ ಕೊಡಬಹುದು, ಮನೆಯ ಅಗತ್ಯ ನೋಡಿ ಕೊಡಬಹುದು. ರ‍್ಯಾಕೆಟ್ಟಿನ ಬಲ ನೋಡಿ ಕೊಡುವಂತಿಲ್ಲ. ಮಿತ್ರರ ಮಗನಿಗೆ ಕಾಗದ ಬಂದದ್ದು ಇಂಥ ಕಾಲೇಜಿನಿಂದ.

ಇದರಲ್ಲಿ ಅವಮಾನದ ಸಂಗತಿ ಏನೂ ಇಲ್ಲ; ಒಂದು ಸಮಾಧಾನವೂ ಅಡಗಿದೆ. ಮಾರ್ಕುಗಳಿಗೆ ಕೊಟ್ಟ ವಿನಾಯಿತಿ ಭುಜ ನೊಂದರೂ, ತಂಡ ಬಿಟ್ಟರೂ ಹೋಗುವುದಿಲ್ಲ. ಬೆಳಗಿನ ಲೋಕಲಿನಲ್ಲಿ ನಿಂತುಕೊಂಡೇ ಪುಸ್ತಕ ಓದುತ್ತಿದ್ದ ಹುಡುಗನಿಗೆ ಅವನ ಓದು ಸಂಪಾದಿಸಿಕೊಟ್ಟ ಹಣ ಅದು.

ಆರು ಮಂದಿ, ಹನ್ನೆರಡು ಪಾತ್ರಗಳು

ಈಗ ಪಟ್ಟಿಯ ವಿಚಾರ. ಕಾಲೇಜು ಟೆನಿಸ್ ವ್ಯಕ್ತಿಯ ಆಟವಾಗಿದ್ದೂ ತಂಡದ ಪಂದ್ಯ. ಎರಡು ಕಾಲೇಜುಗಳು ಎದುರಾದಾಗ ಮೂರು ಡಬಲ್ಸ್, ಆರು ಸಿಂಗಲ್ಸ್ ನಡೆಯುತ್ತವೆ. ಒಂದನೆಯ ವಿಭಾಗದ ಪದ್ಧತಿಯಲ್ಲಿ ಮೂರು ಡಬಲ್ಸ್‌ಗಳಲ್ಲಿ ಎರಡನ್ನು ಗೆದ್ದವರಿಗೆ ಒಟ್ಟು ಒಂದು ಅಂಕ. ಸಿಂಗಲ್ಸ್ ಒಂದೊಂದಕ್ಕೂ ಒಂದೊಂದು ಅಂಕ. ಹೀಗೆ ಏಳು ಅಂಕಗಳಲ್ಲಿ ನಾಲ್ಕನ್ನು ಮೊದಲು ಪಡೆದವರಿಗೆ ಜಯ. ಮೂರನೆಯ ವಿಭಾಗದಲ್ಲಿ ಡಬಲ್ಸ್ ಒಂದೊಂದಕ್ಕೂ ಅಂಕ ಕೊಡುವ ಒಂಬತ್ತು ಅಂಕಗಳ ಪದ್ಧತಿ ಬಹುಕಾಲ ನಡೆದುಬಂತು. ಸಾಮರ್ಥ್ಯದ ಕ್ರಮದಲ್ಲಿಯೇ ಆಟಗಾರರನ್ನು ಒಂದರಿಂದ ಆರರವರೆಗೆ ನಿಲ್ಲಿಸಬೇಕೆಂಬುದು ನಿಯಮ. ಬಲಿಷ್ಠನನ್ನು ಕೆಳಗಿನ ಸ್ಥಾನಕ್ಕೆ ಇಳಿಸಿ ಸುಲಭದ ಅಂಕ ಕದಿಯುವುದು ಅಪರಾಧ.

ಏಳು ಅಂಕಗಳ ಪದ್ಧತಿಯಲ್ಲಿ ಒಂದು ತಂಡಕ್ಕೆ ನಾಲ್ಕೇ ಮಂದಿ ಇದ್ದರೆಂದು ಎಣಿಸೋಣ. ಐದನೆಯ ಮತ್ತು ಆರನೆಯ ಸಿಂಗಲ್ಸ್ ಹಾಗೂ ಮೂರನೆಯ ಡಬಲ್ಸ್ ಆಡದೆಯೇ ಕೈಬಿಡಬೇಕು. ಪಂದ್ಯ ಪ್ರಾರಂಭವಾಗುವ ಮೊದಲೇ ಎದುರಾಳಿಯ ಖಾತೆಗೆ ಎರಡು ಅಂಕ ಜಮಾ. ಉಳಿದ ಐದರಲ್ಲಿ ನಾಲ್ಕನ್ನು ಗೆದ್ದರೆ ಮಾತ್ರ ಜಯ. ಆದುದರಿಂದ ಸಣ್ಣ ಕಾಲೇಜಿನ ತರಬೇತುದಾರನಿಗೆ ಒಂದನೆಯ ಸ್ಥಾನದ ಶೂರನಿಗಿಂತಲೂ ಆರನೆಯ ಸ್ಥಾನದ ನಂಬಿಗಸ್ಥನೇ ದುರ್ಲಭನೆನಿಸುತ್ತಾನೆ.

ಆರೇ ಮಂದಿ ಇದ್ದರೂ ತೊಂದರೆ ತಪ್ಪದು. ಡಬಲ್ಸ್‌ನ ಆರು, ಸಿಂಗಲ್ಸ್‌ನ ಆರು, ಒಟ್ಟು ಹನ್ನೆರಡು ಪಾತ್ರಗಳನ್ನು ಅದೇ ಆರು ದೇಹಗಳು ನಿರ್ವಹಿಸಬೇಕು. ವಾರಾಂತ್ಯದಲ್ಲಿ ಎರಡು ಕಾಲೇಜುಗಳೊಡನೆ ಪಂದ್ಯವಿದ್ದರೆ ಒಬ್ಬೊಬ್ಬನೂ ನಾಲ್ಕು ಬಾರಿ ಅಂಕಣಕ್ಕೆ ಇಳಿಯಬೇಕು. ಟೆನಿಸಿನ ನೋವುಗಳಲ್ಲಿ ಬಹಳಷ್ಟು ಬಿದ್ದು ಬರುವಂಥವಲ್ಲ. ಒಂದೇ ಚಲನೆಯನ್ನು ವಿರಾಮವಿಲ್ಲದೆ ಮಾಡುವುದರಿಂದ ಬರುವಂಥವು. ಸರ್ವಿಸ್ ಮಾಡುವ ಭುಜ, ಚೆಂಡಿನ ಹೊಡೆತವನ್ನು ತಾಳುವ ಮೊಣಕೈಯ ಹೊರಬದಿಯ ಸ್ನಾಯುರಜ್ಜು, ತಿರುಗುವ ಸೊಂಟ, ಇವು ಮೊದಲು ದೂರು ಕೊಡುತ್ತವೆ. 'ಟೆನಿಸ್ ಮೊಣಕೈ' ಎಂದು ಹೆಸರಾದ ಬೇನೆ ಬಹುಪಾಲು ಜನರಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ, ವಿಶ್ರಾಂತಿ ಮತ್ತು ಕ್ರಮವಾದ ವ್ಯಾಯಾಮದಿಂದ ವಾಸಿಯಾಗುತ್ತದೆ. ಆದರೆ ತಿಂಗಳುಗಳು ಬೇಕು. ವಿಶ್ರಾಂತಿ ಕೊಡಲು ಏಳನೆಯವನು, ಎಂಟನೆಯವನು ಪಟ್ಟಿಯಲ್ಲಿರಬೇಕು. ಪಟ್ಟಿಯ ಉದ್ದಕ್ಕೂ ಹುಡುಗರ ಆರೋಗ್ಯಕ್ಕೂ ಇರುವ ಸಂಬಂಧ ಇದು.

ಹಾಗಾದರೆ ಪಟ್ಟಿ ಉದ್ದವಾದಷ್ಟೂ ಒಳ್ಳೆಯದೇ? ಈ ಪ್ರಶ್ನೆಗೆ ಉತ್ತರ ಆಟದ ಪುಸ್ತಕದಲ್ಲಿಲ್ಲ, ಜಮಾ-ಖರ್ಚಿನ ಪುಸ್ತಕದಲ್ಲಿದೆ.

ಜಮಾ ಯಾವುದು, ಖರ್ಚು ಯಾವುದು?

ದೊಡ್ಡ ವಿಶ್ವವಿದ್ಯಾನಿಲಯದಲ್ಲಿ ಟೆನಿಸ್ ತಂಡವೆಂಬುದು ಶುದ್ಧ ಖರ್ಚಿನ ಬಾಬತ್ತು. ಟಿಕೆಟ್ ಮಾರಾಟವಿಲ್ಲ, ದೂರದರ್ಶನದ ಹಣವಿಲ್ಲ; ಆಟಗಾರರಿಗೆ ವೇತನ, ತರಬೇತುದಾರರಿಗೆ ಸಂಬಳ, ದೂರದ ಊರುಗಳಿಗೆ ವಿಮಾನ. ಫುಟ್‌ಬಾಲಿನ ಆದಾಯ ತಗ್ಗಿತೆಂದರೆ ಕತ್ತರಿ ಬೀಳುವುದು ಇಂಥ ತಂಡಗಳಿಗೆ. ಕೋವಿಡ್ ಮಹಾಮಾರಿಯ ವರ್ಷವಾದ 2020ರಲ್ಲಿ ಅಯೋವಾ ವಿಶ್ವವಿದ್ಯಾನಿಲಯವೂ ಮಿನ್ನೆಸೋಟ ವಿಶ್ವವಿದ್ಯಾನಿಲಯವೂ ಪುರುಷರ ಟೆನಿಸನ್ನು ಕೈಬಿಡುವ ತೀರ್ಮಾನ ಪ್ರಕಟಿಸಿದವು. ಎರಡೂ ಸಿರಿವಂತ ಸಂಸ್ಥೆಗಳೇ.

ಅದೇ ಮಿನ್ನೆಸೋಟ ರಾಜ್ಯದ ಸೇಂಟ್ ಪೀಟರ್ ಎಂಬ ಸಣ್ಣ ಊರಿನಲ್ಲಿ ಗಸ್ಟಾವಸ್ ಅಡಾಲ್ಫಸ್ ಎಂಬ ಕಾಲೇಜಿದೆ. ವಿದ್ಯಾರ್ಥಿಗಳು ಸುಮಾರು ಎರಡು ಸಾವಿರ, ಮೂರನೆಯ ವಿಭಾಗ. ಅಲ್ಲಿ ಪುರುಷರ ತಂಡವೂ ಮಹಿಳೆಯರ ತಂಡವೂ ಉಳಿದುಕೊಂಡಿವೆ. ದೊಡ್ಡ ಮನೆಯಲ್ಲಿ ಆರಿದ ದೀಪ ಸಣ್ಣ ಮನೆಯಲ್ಲಿ ಉರಿಯುವುದು ಹೇಗೆ? ಸಣ್ಣ ಕಾಲೇಜುಗಳ ಲೆಕ್ಕದ ರೀತಿಯನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿವರಿಸುತ್ತೇನೆ. ಅಂಕಿಗಳು ಕೇವಲ ಲೆಕ್ಕದ ಸೌಕರ್ಯಕ್ಕಾಗಿ.

ಒಂದು ಕಾಲೇಜಿನ ವಾರ್ಷಿಕ ಶುಲ್ಕ, ಊಟ, ವಸತಿ ಸೇರಿ 50,000 ಡಾಲರ್ ಎಂದಿಟ್ಟುಕೊಳ್ಳೋಣ. ಅದರಲ್ಲಿ ಅರ್ಧವನ್ನು ಕಾಲೇಜು ವಿನಾಯಿತಿಯಾಗಿ ಬಿಡುತ್ತದೆ. ವಿದ್ಯಾರ್ಥಿಯಿಂದ ಕೈಗೆ ಬರುವುದು 25,000. ತಂಡದಲ್ಲಿ ಹನ್ನೆರಡು ಹುಡುಗರಿದ್ದರೆ 3 ಲಕ್ಷ ಡಾಲರ್. ಇವರಲ್ಲಿ ನಾಲ್ವರು ಟೆನಿಸ್ ಇಲ್ಲದಿದ್ದರೂ ಆ ಕಾಲೇಜಿಗೇ ಬರುತ್ತಿದ್ದರೆಂದು ಕಳೆದರೆ, ಆಟದ ನಿಮಿತ್ತವಾಗಿ ಬಂದ ಎಂಟು ಮಂದಿಯಿಂದ 2 ಲಕ್ಷ. ತರಬೇತುದಾರನ ಸಂಬಳ, ವ್ಯಾನಿನ ಪ್ರಯಾಣ, ಚೆಂಡುಗಳು, ಚಳಿಗಾಲದ ಒಳಾಂಗಣ, ಇವಕ್ಕೆಲ್ಲ ಒಂದೂವರೆ ಲಕ್ಷ ಎನ್ನೋಣ. ಹಾಸ್ಟೆಲಿನ ಕೋಣೆ, ತರಗತಿಯ ಬೆಂಚು ಹೇಗೂ ಖಾಲಿ ಬಿದ್ದಿರುತ್ತಿದ್ದವಾದರೆ ಅವುಗಳಿಗೆ ತಗಲುವ ಹೆಚ್ಚುವರಿ ವೆಚ್ಚ ಅತ್ಯಲ್ಪ. ಊಟದ ಖರ್ಚನ್ನು ಕಳೆದರೂ ತಂಡ ಕಾಲೇಜಿಗೆ ಭಾರವಾಗುವುದಿಲ್ಲ. ಒಂದಿಷ್ಟು ಉಳಿಸಿಯೂ ಕೊಡುತ್ತದೆ. ವಾಣಿಜ್ಯಶಾಸ್ತ್ರದಲ್ಲಿ ನಾವು ಸೀಮಾಂತ ಆದಾಯ, ಸೀಮಾಂತ ವೆಚ್ಚವೆಂದು ಉರು ಹೊಡೆದ ಪಾಠ ಇದೇ.

ದೊಡ್ಡ ವಿಶ್ವವಿದ್ಯಾನಿಲಯದಲ್ಲಿ ಆಟಗಾರ ಖರ್ಚಿನ ಕಡೆಗೆ ಬಂದರೆ, ಸಣ್ಣ ಕಾಲೇಜಿನಲ್ಲಿ ಅವನು ಜಮಾ ಕಡೆಗೆ ಬರುತ್ತಾನೆ. ಇದನ್ನು ಅರಿತಾಗ ಮಿತ್ರರ ಪ್ರಶ್ನೆಗೆ ನನಗೆ ಉತ್ತರ ದೊರೆಯಿತು. ಅವನ ಆಟಕ್ಕೆ ಅಲ್ಲಿ ಬೆಲೆಯಿದೆ. ಆದರೆ ಆ ಬೆಲೆಯನ್ನು ತೆರುವವರು ಕಾಲೇಜಿನವರಲ್ಲ, ನಾವು.

ಇಲ್ಲಿ ಎಚ್ಚರ ವಹಿಸಬೇಕಾದ ಸ್ಥಳವೊಂದಿದೆ. ಹನ್ನೆರಡು ಹುಡುಗರಿಂದ ಇಷ್ಟು ಬಂದರೆ ಇಪ್ಪತ್ತನಾಲ್ಕು ಹುಡುಗರಿಂದ ಎರಡರಷ್ಟು ಬರಬೇಡವೇ ಎಂದು ಆಡಳಿತದವರಿಗೆ ತೋಚಿದರೆ, ಪಟ್ಟಿ ಬೆಳೆಯುತ್ತದೆ. ಅಂಕಣಗಳು ಆರೇ ಉಳಿಯುತ್ತವೆ, ತರಬೇತುದಾರ ಒಬ್ಬನೇ ಉಳಿಯುತ್ತಾನೆ. ಆಟ ಕಲಿಸುವ ಗುರು ವಿದ್ಯಾರ್ಥಿಗಳನ್ನು ತರುವ ಗುಮಾಸ್ತನಾಗುತ್ತಾನೆ. ಅಷ್ಟಾದರೂ ಕಾಲೇಜು ಉಳಿಯುವುದೆಂಬ ಭರವಸೆಯಿಲ್ಲ. ಅಲಬಾಮಾದ ಬರ್ಮಿಂಗ್‌ಹ್ಯಾಮ್-ಸದರ್ನ್ ಕಾಲೇಜು 2024ರ ಮೇ 31ರಂದು ಬಾಗಿಲು ಮುಚ್ಚಿದಾಗ ಅದರ ಬೇಸ್‌ಬಾಲ್ ತಂಡ ಮೂರನೆಯ ವಿಭಾಗದ ರಾಷ್ಟ್ರೀಯ ಅಂತಿಮ ಹಂತದಲ್ಲಿ ಆಡುತ್ತಿತ್ತು. ತಂಡ ಗೆಲ್ಲುವುದು ಬೇರೆ, ಸಂಸ್ಥೆಯ ಅಢಾವೆ ಪತ್ರಿಕೆ ಗಟ್ಟಿಯಾಗಿರುವುದು ಬೇರೆ.

ಸೇಂಟ್ ಪೀಟರಿನ ಗುರು

ಹಾಗಾದರೆ ಸಣ್ಣ ಕಾಲೇಜಿನ ಟೆನಿಸಿಗೆ ಅರ್ಥ ಕೊಡುವುದು ಯಾವುದು? ಗಸ್ಟಾವಸ್ ಕಾಲೇಜಿನ ಕಥೆಯನ್ನು ಇನ್ನಷ್ಟು ಹೇಳಿದರೆ ಉತ್ತರ ದೊರೆತೀತು.

ಆ ಕಾಲೇಜು ಸ್ಥಾಪನೆಯಾದದ್ದು 1862ರಲ್ಲಿ. ಸ್ಥಾಪಿಸಿದವರು ಸ್ವೀಡನ್ನಿನಿಂದ ವಲಸೆ ಬಂದ ಜನ. ತಾಯ್ನಾಡಿನ ರಾಜನೊಬ್ಬನ ಹೆಸರನ್ನು ಅದಕ್ಕೆ ಉಳಿಸಿಕೊಂಡರು. ದೂರದ ಊರಿನಲ್ಲಿ ನೆಲೆಸಿ, ಮಕ್ಕಳಿಗೆ ಶಾಲೆ ಕಟ್ಟಿ, ತಮ್ಮ ನಾಡಿನ ಹೆಸರನ್ನು ಬಾಗಿಲ ಮೇಲೆ ಬರೆದವರ ಕಥೆಯನ್ನು ಕನ್ನಡ ಸಂಘದ ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1971ರಲ್ಲಿ ಸ್ಟೀವ್ ವಿಲ್ಕಿನ್‌ಸನ್ ಎಂಬವರು ಅಲ್ಲಿ ಪುರುಷರ ಟೆನಿಸ್ ತರಬೇತುದಾರರಾಗಿ ಸೇರಿದರು. ಧರ್ಮಶಾಸ್ತ್ರದ ಅಧ್ಯಯನದಲ್ಲಿ ಡಾಕ್ಟರೇಟ್ ಪಡೆದ ವಿದ್ವಾಂಸರು. 2009ರ ವರೆಗೆ ಅದೇ ಕಾಲೇಜಿನಲ್ಲಿ ಉಳಿದರು. ಅವರ ತಂಡ 1980 ಮತ್ತು 1982ರಲ್ಲಿ ಮೂರನೆಯ ವಿಭಾಗದ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ನಿವೃತ್ತರಾಗುವಾಗ ಅವರ ಹೆಸರಿನಲ್ಲಿ 929 ತಂಡ ವಿಜಯಗಳಿದ್ದವು. ವರ್ಷದ ಹಲವು ತಿಂಗಳು ಹಿಮ ಬೀಳುವ ಊರಿನಲ್ಲಿ, ಆಟಕ್ಕೆಂದು ಒಂದು ಡಾಲರ್ ವೇತನವನ್ನೂ ಕೊಡಲಾಗದ ಕಾಲೇಜಿನಲ್ಲಿ ಇದು ನಡೆಯಿತೆಂಬುದು ನನ್ನನ್ನು ಬೆರಗುಗೊಳಿಸಿತು.

ಅವರು ಕಲಿಸಿದ ಪಾಠ ಸರಳವಾದುದು. ಸ್ವೀಡನ್ನಿನ ರಾಷ್ಟ್ರಲಾಂಛನದ ಮೂರು ಕಿರೀಟಗಳನ್ನು ಸಂಕೇತವಾಗಿಟ್ಟುಕೊಂಡು, ಆಟಗಾರನು ಧರಿಸಬೇಕಾದ ಕಿರೀಟಗಳು ಮೂರೆಂದು ಹೇಳುತ್ತಿದ್ದರು: ಒಳ್ಳೆಯ ಮನೋಭಾವ, ಪೂರ್ಣ ಪ್ರಯತ್ನ, ಕ್ರೀಡಾಮನೋಧರ್ಮ. ಈ ಮೂರೂ ಆಟಗಾರನ ಕೈಯಲ್ಲಿಯೇ ಇರುವಂಥವು. ಗೆಲುವು ಹಾಗಲ್ಲ, ಎದುರಾಳಿಯ ಸಾಮರ್ಥ್ಯ, ಗಾಳಿ, ಅದೃಷ್ಟ ಎಲ್ಲವೂ ಅದರಲ್ಲಿ ಪಾಲುದಾರರು. ನಮ್ಮ ಕೈಯಲ್ಲಿಲ್ಲದ ಫಲದ ಮೇಲೆ ಕಣ್ಣಿಡದೆ ಕೈಯಲ್ಲಿರುವ ಕರ್ಮವನ್ನು ಚೆನ್ನಾಗಿ ಮಾಡೆಂಬ ಉಪದೇಶ ನಮಗೆ ಹೊಸತಲ್ಲ. ಅದನ್ನು ಅಂಕಣದ ಮೇಲೆ ದಿನವೂ ಆಚರಿಸಿ ತೋರಿಸುವುದು ಮಾತ್ರ ಎಲ್ಲಿಯೂ ಅಪರೂಪ. 1977ರಲ್ಲಿ ಅವರು ಕಾಲೇಜಿನ ಅಂಕಣಗಳಲ್ಲಿಯೇ ಬೇಸಿಗೆ ಶಿಬಿರಗಳನ್ನು ಪ್ರಾರಂಭಿಸಿದರು. ಟೆನಿಸ್ ಮತ್ತು ಬಾಳುವೆ, ಎರಡೂ ಅದರ ಹೆಸರಿನಲ್ಲಿದ್ದವು. 2015ರಲ್ಲಿ ಅವರು ತೀರಿಕೊಂಡರು. ಅವರ ಬಳಿಕ ತಂಡದ ಹೊಣೆ ಹೊತ್ತವರು ಅವರ ಕೈಕೆಳಗೆ ಆಡಿದ ಶಿಷ್ಯರೇ.

ಸಣ್ಣ ಕಾಲೇಜಿನ ಟೆನಿಸಿನಲ್ಲಿ ತಂದೆತಾಯಿಗಳು ಕೊಳ್ಳುವ ವಸ್ತು ಯಾವುದೆಂಬುದು ಆಗ ನನಗೆ ಸ್ಪಷ್ಟವಾಯಿತು. ಪದವಿಯ ಜೊತೆಗೆ ನಾಲ್ಕು ವರ್ಷಗಳ ಗುರುವೊಬ್ಬನನ್ನು ಕೊಳ್ಳುತ್ತೇವೆ. ಗುರು ಒಳ್ಳೆಯವನಾದರೆ ಹತ್ತನೆಯ ಸ್ಥಾನದ ಹುಡುಗನಿಗೂ ಅದು ಲಾಭ. ಅಲ್ಲವಾದರೆ ಅವನು ಕಾಲೇಜಿನ ಜಮಾ ಪುಸ್ತಕದ ಒಂದು ಸಾಲು ಮಾತ್ರ.

ಕೇಳಬೇಕಾದ ಪ್ರಶ್ನೆಗಳು

ಮಿತ್ರರನ್ನು ಮತ್ತೆ ಕರೆಸಿ, ಹುಡುಗನನ್ನೂ ಕೂರಿಸಿಕೊಂಡು, ಐದು ಪ್ರಶ್ನೆಗಳನ್ನು ಬರೆಸಿದೆ.

ಮೊದಲನೆಯದು: ವಿನಾಯಿತಿ ಯಾವುದಕ್ಕಾಗಿ, ಎಷ್ಟು ಮಾರ್ಕು ತಗ್ಗಿದರೆ ಅದು ನಿಲ್ಲುತ್ತದೆ, ಶುಲ್ಕ ಏರಿದಾಗ ಅದೂ ಏರುವುದೇ? ಎರಡನೆಯದು: ತಂಡದ ಪಟ್ಟಿಯಲ್ಲಿ ಎಷ್ಟು ಮಂದಿ, ಕಳೆದ ವರ್ಷ ಅಂಕದ ಪಂದ್ಯ ಆಡಿದವರು ಎಷ್ಟು, ಮೊದಲ ವರ್ಷದವರಲ್ಲಿ ಮರುವರ್ಷ ಉಳಿದವರು ಎಷ್ಟು? ಮೂರನೆಯದು: ತರಬೇತುದಾರರು ಎಷ್ಟು ವರ್ಷಗಳಿಂದ ಇದ್ದಾರೆ, ಅವರಿಗೆ ಬೇರೆ ಯಾವ ಹೊಣೆಗಳಿವೆ? ನಾಲ್ಕನೆಯದು: ಗಾಯವಾದರೆ ಚಿಕಿತ್ಸೆ ಯಾರದು, ವಿಮೆ ಯಾರದು? ಐದನೆಯದು: ಕಾಲೇಜಿನ ವಿದ್ಯಾರ್ಥಿ ಸಂಖ್ಯೆ ಐದು ವರ್ಷಗಳಿಂದ ಏರುತ್ತಿದೆಯೋ ಇಳಿಯುತ್ತಿದೆಯೋ?

ಆ ಕಾಲೇಜಿನಿಂದ ಬಂದ ಉತ್ತರದಲ್ಲಿ ಮುಂಗಡ ಕಟ್ಟಬೇಕಾದ ಕೊನೆಯ ದಿನಾಂಕ ಮಾತ್ರ ಇತ್ತು. ಆಮೇಲೆ ಹುಡುಗನೂ ನಾನೂ ಲೆಕ್ಕಪರಿಶೋಧಕರಂತೆ ಕುಳಿತು, ಅವರೇ ಪ್ರಕಟಿಸಿದ್ದ ಪಟ್ಟಿಗಳನ್ನೂ ಫಲಿತಾಂಶಗಳನ್ನೂ ತಾಳೆ ನೋಡಿದೆವು. ಪಟ್ಟಿಯಲ್ಲಿ ಇಪ್ಪತ್ತೆರಡು ಹೆಸರು. ಪಂದ್ಯಗಳ ಫಲಿತಾಂಶಗಳಲ್ಲಿ ಕಂಡದ್ದು ಎಂಟೇ ಹೆಸರು. ಹಿಂದಿನ ವರ್ಷ ಹೊಸದಾಗಿ ಸೇರಿದವರಲ್ಲಿ ಐವರ ಹೆಸರು ಈ ವರ್ಷ ಇರಲಿಲ್ಲ. ಹುಡುಗ ಬಹಳ ಹೊತ್ತು ಸುಮ್ಮನಿದ್ದು, "ಅಂಕಲ್, ಇವರು ನನ್ನ ಆಟದ ವೀಡಿಯೋ ನೋಡಿರಲೇ ಇಲ್ಲ ಅನಿಸುತ್ತೆ" ಎಂದ.

ಹುಡುಗ ಅರ್ಜಿ ಹಾಕಿದ್ದ ಇನ್ನೊಂದು ಕಾಲೇಜಿಗೂ ಇವೇ ಪ್ರಶ್ನೆಗಳನ್ನು ಕಳುಹಿಸಿದೆವು. ಅಲ್ಲಿಯ ತರಬೇತುದಾರರು ತಾವೇ ಬರೆದರು: "ನಮ್ಮಲ್ಲಿ ಹನ್ನೊಂದು ಮಂದಿ ಇದ್ದಾರೆ. ನಿಮ್ಮ ಮಗ ಈಗಿನ ಮಟ್ಟದಲ್ಲಿ ಒಂಬತ್ತನೆಯವನೋ ಹತ್ತನೆಯವನೋ ಆದಾನು. ಮೊದಲ ವರ್ಷ ಅಂಕದ ಪಂದ್ಯ ಆಡಿಸುವ ಭರವಸೆ ಕೊಡಲಾರೆ. ಅಭ್ಯಾಸದಲ್ಲಿ ಒಂದನೆಯವನಿಗೆ ಕೊಡುವಷ್ಟು ಗಮನವನ್ನು ಅವನಿಗೂ ಕೊಡುತ್ತೇನೆ."

ನಾನು ಇದನ್ನು ಕನ್ನಡದಲ್ಲಿ ಹೇಳಿದಾಗ ಮಿತ್ರರು ಮೊದಲ ಬಾರಿಗೆ ನಕ್ಕರು. "ಮಾರಾಯ್ರೇ, ಇಡ್ಲಿ ಮುಗಿದಿದೆ ಎಂದು ಬಾಗಿಲಲ್ಲೇ ಹೇಳುವ ಹೋಟೆಲಿನವನನ್ನು ನಂಬಬಹುದು. ಐದು ನಿಮಿಷ ಎಂದು ಕೂರಿಸುವವನನ್ನು ನಂಬಬಾರದು. ಇವನೇ ಆದೀತು."

ಸಾಲದ ಮಾತು

ಆ ಎರಡನೆಯ ಕಾಲೇಜಿಗೆ ಮನೆಯಿಂದ ತುಂಬಬೇಕಾಗಿದ್ದ ಹಣ ಮೊದಲನೆಯದಕ್ಕಿಂತ ಕಡಿಮೆ. ಆದರೂ ಸಾಲ ತಪ್ಪಲಿಲ್ಲ. ಈ ದಾರಿ ಹಿಡಿಯುವ ವಾಚಕರಿಗೆ ಮೂರು ಮಾತುಗಳನ್ನು ಹೇಳಬೇಕು.

ಒಂದು, ಶಿಕ್ಷಣ ಸಾಲದ ಬಡ್ಡಿ ಓದುವಾಗಲೂ ಬೆಳೆಯುತ್ತದೆ. ವರ್ಷಕ್ಕೆ ಹನ್ನೆರಡೂವರೆ ಲಕ್ಷದಂತೆ ನಾಲ್ಕು ವರ್ಷ 50 ಲಕ್ಷ ರೂಪಾಯಿ ಎತ್ತಿದರೆಂದೂ, ಬಡ್ಡಿ ನೂರಕ್ಕೆ ಹತ್ತರಂತೆ ಸರಳ ಬಡ್ಡಿಯೆಂದೂ ಇಟ್ಟುಕೊಳ್ಳಿ. ಓದು ಮುಗಿದು ಆರು ತಿಂಗಳಿಗೆ ಮೊದಲ ಕಂತು ಕಟ್ಟುವ ಹೊತ್ತಿಗೆ ಬಡ್ಡಿಯೇ 15 ಲಕ್ಷವಾಗಿ, ಸಾಲ 65 ಲಕ್ಷಕ್ಕೆ ಏರಿರುತ್ತದೆ. ಓದುವಾಗಲೇ ಬಡ್ಡಿಯಷ್ಟನ್ನಾದರೂ ಕಟ್ಟುತ್ತ ಬಂದರೆ ಹೊರೆ ಬಹಳ ಹಗುರವಾಗುತ್ತದೆ.

ಎರಡು, ಡಾಲರಿನ ಬೆಲೆ. 2014ರಲ್ಲಿ ಸುಮಾರು 61 ರೂಪಾಯಿ ಇದ್ದ ಡಾಲರ್ 2024ರ ಕೊನೆಗೆ 85 ದಾಟಿತ್ತು. ವರ್ಷಕ್ಕೆ ಸರಾಸರಿ ನೂರಕ್ಕೆ ಮೂರಕ್ಕಿಂತ ಹೆಚ್ಚಿನ ಏರಿಕೆ. ಮೊದಲ ವರ್ಷದ ಮೊತ್ತವನ್ನು ನಾಲ್ಕರಿಂದ ಗುಣಿಸಿ ನಿಶ್ಚಿಂತರಾಗುವವರು ನಾಲ್ಕನೆಯ ವರ್ಷ ಕಷ್ಟಕ್ಕೆ ಸಿಲುಕುತ್ತಾರೆ.

ಮೂರು, ಮಗ ದುಡಿದು ತುಂಬುತ್ತಾನೆಂಬ ಲೆಕ್ಕ. ವಿದ್ಯಾರ್ಥಿ ವೀಸಾದ ಮೇಲೆ ಹೋದವರು ಪಾಠಗಳು ನಡೆಯುವ ತಿಂಗಳುಗಳಲ್ಲಿ ಕಾಲೇಜಿನ ಆವರಣದೊಳಗೆ ವಾರಕ್ಕೆ ಇಪ್ಪತ್ತು ಗಂಟೆ ಮಾತ್ರ ಕೆಲಸ ಮಾಡಬಹುದು. ಓದು, ಅಭ್ಯಾಸ, ಪ್ರಯಾಣಗಳ ನಡುವೆ ಆಟಗಾರನಿಗೆ ಅಷ್ಟು ಗಂಟೆಗಳೂ ಸಿಗಲಾರವು. ಅದು ಕೈಖರ್ಚಿಗೆ ಸಾಕು, ಶುಲ್ಕಕ್ಕೆ ಸಾಲದು.

ಮಿತ್ರರು ಫ್ಲ್ಯಾಟನ್ನು ಅಡ ಇಟ್ಟರು. ಆದರೆ ಮೊದಲು ಯೋಚಿಸಿದ್ದಕ್ಕಿಂತ ಕಡಿಮೆ ಮೊತ್ತಕ್ಕೆ. ತಿಂಗಳು ತಿಂಗಳೂ ಬಡ್ಡಿ ಕಟ್ಟುತ್ತಿದ್ದಾರೆ.

ಆರನೆಯ ಅಂಕಣ

ಹುಡುಗ 2023ರ ಆಗಸ್ಟ್ ತಿಂಗಳಲ್ಲಿ ಹೊರಟ. ತರಬೇತುದಾರರು ಬರೆದಿದ್ದಂತೆಯೇ ಮೊದಲ ವರ್ಷ ಅವನಿಗೆ ಅಂಕದ ಪಂದ್ಯ ಒಂದೂ ಸಿಗಲಿಲ್ಲ. 2024ರ ಜನವರಿಯಲ್ಲಿ ಕೊಡಗಿನ ರೋಹನ್ ಬೋಪಣ್ಣ ತಮ್ಮ 43ನೆಯ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಪ್ರಶಸ್ತಿ ಗೆದ್ದಾಗ ನಾವೆಲ್ಲ ಇಲ್ಲಿ ಸಿಹಿ ಹಂಚಿದೆವು. ಅಲ್ಲಿ ಹಿಮದ ಊರಿನಲ್ಲಿ ಈ ಹುಡುಗ ಬೆಂಚಿನ ಮೇಲೆ ಕುಳಿತು ಗೆಳೆಯರಿಗೆ ನೀರು ಕೊಡುತ್ತಿದ್ದ. ತಾಯಿ ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಿದ್ದ ಪ್ರಶ್ನೆ ಒಂದೇ: "ಆಡಿಸಿದರಾ ಮಗಾ?" ಅವನ ಉತ್ತರವೂ ಒಂದೇ: "ಇಲ್ಲ ಅಮ್ಮ, ಆದರೆ ಸರ್ವಿಸ್ ಸುಧಾರಿಸಿದೆ."

ಎರಡನೆಯ ವರ್ಷದ ಏಪ್ರಿಲಿನಲ್ಲಿ ಆರನೆಯ ಸ್ಥಾನದ ಹುಡುಗನ ಕಾಲು ಉಳುಕಿತು. ತರಬೇತುದಾರರು ಇವನನ್ನು ಇಳಿಸಿದರು. ಐದು ಅಂಕಣಗಳ ಪಂದ್ಯಗಳು ಮುಗಿದಾಗ ತಂಡಗಳು ಸಮ ಸಮ. ಉಳಿದದ್ದು ಆರನೆಯ ಅಂಕಣ ಒಂದೇ. ಮೂರನೆಯ ಸೆಟ್ಟಿನ ಕೊನೆಯವರೆಗೆ ಆಡಿ ಇವನು ಸೋತ. ತಂಡವೂ ಸೋತಿತು.

ಆ ರಾತ್ರಿ ಅವನು ತಾಯಿಗೆ ಹೇಳಿದ್ದನ್ನು ಅವರು ನಮ್ಮ ಮನೆಗೆ ಬಂದು ನನ್ನ ಪತ್ನಿಗೆ ಹೇಳಿದರು. "ಸೋತೆ ಅಮ್ಮ. ಆದರೆ ನನ್ನ ಅಂಕಣದ ಸುತ್ತ ಎಲ್ಲರೂ ಬಂದು ನಿಂತಿದ್ದರು. ಕೊನೆಗೆ ಒಂದು ಚೆಂಡು ಗೆರೆಯ ಮೇಲೆ ಬಿದ್ದದ್ದು ನನಗೊಬ್ಬನಿಗೇ ಕಂಡಿತ್ತು. ಒಳಗೆ ಬಿತ್ತೆಂದು ನಾನೇ ಹೇಳಿದೆ. ಸರ್ ಬಂದು ಮೊದಲು ಅದಕ್ಕೆ ಬೆನ್ನು ತಟ್ಟಿದರು."

ಅವನಿಗೆ ಈಗ ಮೂರನೆಯ ವರ್ಷ. ಸಂಖ್ಯಾಶಾಸ್ತ್ರ ಓದುತ್ತಿದ್ದಾನೆ. ಐದನೆಯ ಸ್ಥಾನದಲ್ಲಿ ಆಡುತ್ತಾನೆ. ಸೋಮದೇವನಂತೆ ಆಗಲಾರನೆಂಬುದು ಅವನಿಗೂ ಗೊತ್ತು, ಅಪ್ಪನಿಗೂ ಗೊತ್ತು. ಸಾಲದ ಹೊರೆ ಇನ್ನೂ ಇದೆ. ಅದು ತೀರುವವರೆಗೆ ಈ ವ್ಯವಹಾರದಲ್ಲಿ ಲಾಭವೋ ನಷ್ಟವೋ ಎಂದು ಬ್ಯಾಂಕಿನವನಾಗಿ ನಾನು ಬರೆದುಕೊಡಲಾರೆ. ಆದರೆ ಆ ಭಾನುವಾರ ಲೆಕ್ಕವನ್ನು ಪೂರ್ತಿ ನೋಡದೆ 'ಬೇಡ' ಎಂದುದು ನನ್ನ ತಪ್ಪೆಂದು ಮಾತ್ರ ಬರೆದುಕೊಡಬಲ್ಲೆ.

ನಮ್ಮ ಸಂಘದ ಮಕ್ಕಳಲ್ಲಿ ಆಟ ಬಲ್ಲವರು ಇನ್ನೂ ಕೆಲವರಿದ್ದಾರೆ. ಅವರ ಮನೆಗಳಿಗೂ ಇಂಥ ಲಕೋಟೆಗಳು ಬಂದಾವು. ಬಂದಾಗ ಮೊತ್ತದ ಅಂಕಿಯನ್ನು ಓದುವ ಮೊದಲು ತಂಡದ ಪಟ್ಟಿಯನ್ನು ತರಿಸಿ ಓದಿರಿ, ತರಬೇತುದಾರನ ಕಾಗದವನ್ನು ಓದಿರಿ. ಬೇಕಾದರೆ ಲಕೋಟೆಯನ್ನು ನಮ್ಮ ಮನೆಗೆ ತನ್ನಿರಿ. ಭಾನುವಾರ ಬೆಳಿಗ್ಗೆ ನಾನು ಮನೆಯಲ್ಲಿಯೇ ಇರುತ್ತೇನೆ.